ಮಾಬುಸಾಬನ ಲೈನಿನಲ್ಲಿ ನನ್ನ ಮನೆ

ನೀರಿನ ಆಫೀಸಿಗೆ ಹೊಸದಾಗಿ ಸೇರಿದವರು ಆಗಾಗ ನನ್ನ ಮನೆಗೆ ಬರುತ್ತಾರೆ. ಕಟ್ಟೆಯ ಮೇಲೆ ಕೂತು, "ಕಾಕಾ, ನಿಮ್ಮ ಕಾಲದಾಗ ಕೆಲಸ ಹೆಂಗಿತ್ತು, ಒಂಚೂರು ಹೇಳ್ರಿ" ಎನ್ನುತ್ತಾರೆ. ಹೇಳುತ್ತೇನೆ, ನನಗೇನು ಈಗ ಬೇರೆ ಉದ್ಯೋಗವಿದೆ? ಆದರೆ ಒಂದು ಷರತ್ತು. ನನ್ನ ಮುಂದೆ ಕೂತು "ಮಾಬುಸಾಬರು ಹಿಂಗ ಮಾಡ್ತಿದ್ರಂತಲ್ರಿ" ಎಂದು ಮಾತು ತೆಗೆಯಬಾರದು. ತೆಗೆದರೆ ಚಹಾ ಇಲ್ಲ. ಆ ಹೆಸರು ಕಿವಿಗೆ ಬಿದ್ದರೆ ಈಗಲೂ ಹೊಟ್ಟೆಯಲ್ಲಿ ಖಾರ ಕಲಸಿದಂತಾಗುತ್ತದೆ. ಅವನೇನು ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ನನಗೆ ಎಷ್ಟು ಆರಾಮಿರುತ್ತಿತ್ತು!

ನಾನು ಬೆಟಗೇರಿಯಲ್ಲಿ ನಳ ಬಿಡುವ ಕೆಲಸ ಮಾಡಿ ನಿವೃತ್ತನಾದವನು. ಆಫೀಸಿನವರು ವಾಲ್ವ್‌ಮನ್ ಎನ್ನುತ್ತಿದ್ದರು, ಜನ "ನಳಾ ಬಿಡಾಂವ" ಎನ್ನುತ್ತಿದ್ದರು. ದಿನಾ ನೀರು ಬರುವ ಊರಿನವರಿಗೆ ಇದೂ ಒಂದು ಕೆಲಸವೇ ಎನ್ನಿಸಬಹುದು. ನಮ್ಮಲ್ಲಿ ಹಾಗಲ್ಲ. ನದಿ ಇರುವುದು ಮುಂಡರಗಿಯ ಆಚೆ. ಅಲ್ಲಿಂದ ಪೈಪಿನಲ್ಲಿ ಬಂದ ನೀರು ಎತ್ತರದ ಟಾಕಿ ತುಂಬಬೇಕು, ಟಾಕಿಯಿಂದ ಓಣಿ ಓಣಿಗೆ ಪಾಳಿಯ ಪ್ರಕಾರ ಹಂಚಬೇಕು. ವಾರಕ್ಕೊಮ್ಮೆ ಪಾಳಿ ಬಂದರೆ ಪುಣ್ಯ, ಬೇಸಿಗೆಯಲ್ಲಿ ಆ ಪುಣ್ಯವೂ ಇಲ್ಲ. ಲಗ್ನದ ಮುಹೂರ್ತ ತೆಗೆಸುವ ಮೊದಲು ನಮ್ಮನ್ನು ಕೇಳಿಕೊಂಡು ಹೋಗುವ ಮನೆಗಳಿದ್ದವು. "ಈರಪ್ಪಾ, ಮುಂದಿನ ತಿಂಗಳ ನಮ್ಮ ಪಾಳಿ ಯಾವಾಗ ಬರತೈತಿ? ಅದರ ಮರುದಿನಾನ ಅಕ್ಕಿಕಾಳು ಇಟ್ಕೋತೀವಿ" ಎನ್ನುತ್ತಿದ್ದರು. ಭಟ್ಟರ ಪಂಚಾಂಗಕ್ಕಿಂತ ನಮ್ಮ ಮಾತು ದೊಡ್ಡದಾಗಿದ್ದ ಊರು ಇದು.

ಕೆಲಸದ ಸಾಮಾನು ಒಂದೇ. ಎದೆಮಟ್ಟದ ಕಬ್ಬಿಣದ ಕೀಲಿ, ಮೇಲೆ ಅಡ್ಡ ಹಿಡಿಕೆ. ಓಣಿಯ ಬಾಯಿಯಲ್ಲಿರುವ ಚೇಂಬರಿನ ಮುಚ್ಚಳ ಎತ್ತಿ, ಕೀಲಿ ಒಳಗೆ ಇಳಿಸಿ, ತಿರುವಿದರೆ ಆ ಓಣಿಗೆ ನೀರು ಹೋಗುತ್ತದೆ. ಉಲ್ಟಾ ತಿರುವಿದರೆ ಬಂದ್. ಇಷ್ಟೇ ಕೆಲಸ ಎಂದು ನಾನು ಬಹಳ ವರ್ಷ ತಿಳಿದಿದ್ದೆ.

ನಾನು ಮೊದಲಿನಿಂದಲೂ ಚುರುಕು. ಕೂತು ಕೆಲಸ ಮಾಡುವವರನ್ನು ಕಂಡರೆ ನನಗೆ ಆಗುವುದಿಲ್ಲ. ಶಿರಹಟ್ಟಿಯ ನಮ್ಮ ಮಾವ ಲಗ್ನದಲ್ಲಿ ಕೊಟ್ಟ ವಾಚು ಕೈಯಲ್ಲಿರುತ್ತಿತ್ತು. ಒಂದೊಂದು ಓಣಿಗೆ ಇಷ್ಟು ಹೊತ್ತು ಎಂದು ಆಫೀಸಿನವರು ಗೊತ್ತುಮಾಡಿದ್ದರು. ಆ ಹೊತ್ತು ಮುಗಿಯಿತೋ, ನನ್ನ ಕೀಲಿ ತಿರುಗಿತೆಂದೇ ತಿಳಿಯಿರಿ. "ಇನ್ನೊಂದ ಎರಡು ಕೊಡಾ ತಡಿಯೋ ಯಪ್ಪಾ" ಎಂದು ಯಾರು ಬಾಯಿ ಬಡಿದುಕೊಂಡರೂ ತಡೆಯುತ್ತಿರಲಿಲ್ಲ. ಒಬ್ಬರಿಗೆ ತಡೆದರೆ ಎಲ್ಲರಿಗೂ ತಡೆಯಬೇಕು, ಮುಂದಿನ ಓಣಿಯವರು ಮಣ್ಣು ತಿನ್ನಬೇಕೇನು? ಆಗಿನ ನಮ್ಮ ಇಂಜಿನಿಯರ್ ಸಾಹೇಬರು ಮೈಸೂರು ಕಡೆಯವರು, ಅವರಿಗೂ ಗಡಿಯಾರವೆಂದರೆ ಪ್ರಾಣ. "ನೋಡ್ರೀ, ಕೆಲಸ ಅಂದ್ರೆ ಈರಪ್ಪನ ಥರ ಇರ್ಬೇಕು. ಎಲ್ಲರಿಗಿಂತ ಮುಂಚೆ ಮುಗಿಸಿ ಬಂದು ಕೀಲಿ ಒಪ್ಪಿಸ್ತಾನೆ" ಎಂದು ಎಲ್ಲರೆದುರು ಹೇಳುತ್ತಿದ್ದರು. ಆ ಮಾತು ಕೇಳಿದ ದಿನ ಮನೆಗೆ ಬಂದು ಎರಡು ರೊಟ್ಟಿ ಹೆಚ್ಚಿಗೆ ತಿನ್ನುತ್ತಿದ್ದೆ.

ಹೊಗಳಿಕೆಯ ಅಮಲಿನಲ್ಲಿ ಒಂದು ಸಲ ಅತಿ ಜಾಣತನ ಮಾಡಿದೆ. ಅಕ್ಕಪಕ್ಕದ ಎರಡು ಓಣಿಗಳಿಗೆ ಒಂದಾದ ಮೇಲೊಂದು ಬಿಡುವ ಬದಲು, ಎರಡೂ ವಾಲ್ವ್ ಕೂಡಿಯೇ ತೆಗೆದರೆ ಅರ್ಧ ಹೊತ್ತು ಉಳಿಯಿತಲ್ಲ ಎಂದುಕೊಂಡೆ. ತೆಗೆದೆ. ತಗ್ಗಿನ ಓಣಿಯಲ್ಲಿ ನೀರು ಧೋ ಎಂದು ಸುರಿದು ಗಟಾರ ತುಂಬಿ ಹರಿಯಿತು. ದಿಬ್ಬದ ಓಣಿಯಲ್ಲಿ ನಳಗಳೆಲ್ಲ ಬುಸ್ ಬುಸ್ ಎಂದವು, ಬರೀ ಗಾಳಿ. ಆ ದಿಬ್ಬದ ಕಟ್ಟಕಡೆಯ ಮನೆ ಶಾಂತವ್ವನದು. ಖಾನಾವಳಿಗಳಿಗೆ ರೊಟ್ಟಿ ಬಡಿದು ಕೊಡುತ್ತಿದ್ದ ಹೆಣ್ಣುಮಗಳು, ಕೈಯೂ ಜೋರು, ಬಾಯಿಯೂ ಜೋರು. ಖಾಲಿ ಕೊಡ ತಂದು ನನ್ನ ಸೈಕಲ್ಲಿನ ಹ್ಯಾಂಡಲ್ಲಿಗೆ ಸಿಗಿಸಿ, "ಈ ಗಾಳಿ ತುಂಬ್ಕೊಂಡು ನಾ ಏನ್ ಮಾಡ್ಲೋ ಈರಪ್ಪಾ? ತಗೋ, ನಿನ್ನ ಸೈಕಲ್ ಗಾಲಿಗೆ ಹಾಕ್ಕೋ!" ಎಂದಳು. ಇಡೀ ಓಣಿ ನಕ್ಕಿತು. ಅವತ್ತಿನಿಂದ ನಾನು ಎರಡು ವಾಲ್ವ್ ಕೂಡಿ ತೆಗೆಯಲಿಲ್ಲ. ಆದರೆ ಗಡಿಯಾರ ಬಿಡಲಿಲ್ಲ.

ಶಾಂತವ್ವ ಏನೇ ಅನ್ನಲಿ, ಆ ದಿಬ್ಬದ ಓಣಿ ನನ್ನದು. ಅಲ್ಲಿ ಪೈಪು ಹಾಕುವಾಗ ನಾನಿನ್ನೂ ದಿನಗೂಲಿ. ಕಲ್ಲುನೆಲದಲ್ಲಿ ಹಾರೆ ಹಾಕಿ ಗುಂಡಿ ತೋಡಿದವನು ನಾನು. ಮೊದಲ ಸಲ ನೀರು ಬಿಟ್ಟವನು ನಾನು. ಅವತ್ತು ಶಾಂತವ್ವನೇ ನಳಕ್ಕೆ ಕುಂಕುಮ ಹಚ್ಚಿ ಕಾಯಿ ಒಡೆದು ನನ್ನ ಕೈಗೆ ಕೊಬ್ಬರಿ ಕೊಟ್ಟಿದ್ದಳು. ಬೇರೆ ಎಲ್ಲ ಓಣಿ ಹೋಗಲಿ, ಅದೊಂದು ಬಿಟ್ಟುಕೊಡುವ ಮಾತೇ ಇರಲಿಲ್ಲ.

ಈಗ ಮಾಬುಸಾಬನ ಕಡೆ ಬರೋಣ. ಬರದೆ ಗತಿಯಿಲ್ಲ.

ಅವನು ಲಕ್ಷ್ಮೇಶ್ವರದವನು. ಮನೆತನದ ಕಸುಬು ಗಾದಿ ಹೊಲಿಯುವುದು. ಅದಕ್ಕೇ ಇರಬೇಕು, ಮೈಯೂ ಗಾದಿಯ ಹಾಗೆಯೇ ಇತ್ತು. ಮೊಣಕಾಲು ನೋವು ಬೇರೆ. ಸೈಕಲ್ ಇದ್ದರೂ ಹತ್ತುತ್ತಿರಲಿಲ್ಲ, ಕೀಲಿ ಕಟ್ಟಿಕೊಂಡು ತಳ್ಳುತ್ತ ಬರುತ್ತಿದ್ದ. ಬಾಯಲ್ಲಿ ಅಡಕೆ, ಅದರ ಹಿಂದೆ ಮಾತು. ಒಂದು ಓಣಿಗೆ ಹೊಕ್ಕರೆ ಹೊರಗೆ ಬರುವ ಖಬರೇ ಇಲ್ಲ. ನಾನು ಕೀಲಿ ಒಪ್ಪಿಸಿ, ಮನೆಗೆ ಹೋಗಿ, ಉಂಡು, ಒಂದು ನಿದ್ದೆ ತೆಗೆದರೂ ಅವನಿನ್ನೂ ಯಾರದೋ ಮನೆಯ ಕಟ್ಟೆಯ ಮೇಲೆ ಇರುತ್ತಿದ್ದ. ಸಾಹೇಬರು ಅವನನ್ನು ಬೈಯುವಾಗ ನಾನು ಪಕ್ಕದಲ್ಲಿ ನಿಂತು ಸುಖಪಡುತ್ತಿದ್ದೆ. ಅವನೋ, "ಆತ್ರಿ ಸಾಹೇಬ್ರ, ನಾಳಿಂದ ಜಲ್ದಿ ಮಾಡ್ತೀನ್ರಿ" ಎಂದು ನಗುತ್ತಿದ್ದ. ಆ ನಾಳೆ ಬರಲೇ ಇಲ್ಲ.

ನಮ್ಮ ಆಫೀಸಿನಲ್ಲಿ ಒಂದು ರೂಢಿಯಿತ್ತು. ನಳ ಬಿಡುವವನಿಗೆ ಅವನ ಸ್ವಂತ ಮನೆ ಇರುವ ಓಣಿ ಕೊಡುತ್ತಿರಲಿಲ್ಲ. ಕೊಟ್ಟರೆ ಮೊದಲು ಹೆಂಡತಿಯ ಬ್ಯಾರಲ್ ತುಂಬಿಸುತ್ತಾನೆ ಎಂಬ ಅನುಮಾನ. ಹಾಗಾಗಿ ನನ್ನ ಮನೆ ಬಿದ್ದದ್ದು ಮಾಬುಸಾಬನ ಲೈನಿನಲ್ಲಿ. ದೇವರು ಬೇಕಂತಲೇ ಮಾಡಿದ್ದು ಅದು.

ನನ್ನ ಹೆಂಡತಿ ಗಂಗವ್ವ ಅವನನ್ನು ಮಾಬಣ್ಣ ಎನ್ನುತ್ತಿದ್ದಳು. "ಇವತ್ತ ಮಾಬಣ್ಣನ ಪಾಳಿ ಐತಿ, ಚಿಂತಿ ಇಲ್ಲ ನೋಡ್ರಿ" ಎಂದು ನನ್ನ ಮುಖಕ್ಕೇ ಹೇಳುತ್ತಿದ್ದಳು. ನಾನು ಕೆಲಸ ಮುಗಿಸಿ ಓಡೋಡಿ ಮನೆಗೆ ಬಂದರೆ ತಟ್ಟೆಯಲ್ಲಿ ಮುಂಜಾನೆಯ ಉಪ್ಪಿಟ್ಟು. ಅವನು ಓಣಿಗೆ ಬಂದ ದಿನ ಅವನಿಗೆ ಬಿಸಿ ಬಿಸಿ ಚುರಮರಿ ಗಿರಮಿಟ್ಟು, ಮೇಲೆ ಹಸಿ ಉಳ್ಳಾಗಡ್ಡಿ! "ಅಲ್ಲ, ನಾನೂ ಊರಿಗೆಲ್ಲ ನೀರು ಬಿಡಾಂವನ, ನನಗ್ಯಾರೂ ಒಂದು ಕಾಳು ಚುರಮರಿ ಕೊಡಂಗಿಲ್ಲ" ಎಂದರೆ, "ನೀವು ನಿಂತರ ಕೊಡ್ತಾರ. ಓಡೋರ ಬೆನ್ನ ಹತ್ತಿ ಯಾರ ಕೊಡ್ತಾರ?" ಎಂದಳು. ಪಂಚಮಿ ಹಬ್ಬಕ್ಕೆ ಅವನ ಸೈಕಲ್ಲಿನ ಎರಡೂ ಕಡೆ ಉಂಡಿಯ ಚೀಲ ತೂಗುತ್ತಿದ್ದವು. ಶೇಂಗಾ ಉಂಡಿ, ಎಳ್ಳುಂಡಿ, ಬೇಸನ್ ಉಂಡಿ, ಒಂದು ಬಗೆ ಬಿಟ್ಟಿರಲಿಲ್ಲ. ರಮಜಾನಿಗೆ ಅವನು ಓಣಿಯ ಮನೆಮನೆಗೆ ಹಾಲು ಶ್ಯಾವಿಗೆಯ ಸುರಕುಂಬಾ ಕಳಿಸುತ್ತಿದ್ದ, ನಮ್ಮ ಮನೆಗೆ ಒಂದು ತಂಬಿಗೆ ಹೆಚ್ಚು. ನಾನು ಮುಟ್ಟುವುದಿಲ್ಲ ಎನ್ನುತ್ತಿದ್ದೆ. ಗಂಗವ್ವ ಆ ಕಡೆ ಹೋದಾಗ ಕುಡಿಯುತ್ತಿದ್ದೆ. ರುಚಿಯಾಗಿರುತ್ತಿತ್ತು ಎಂಬುದೇ ಸಿಟ್ಟು.

ಹೀಗಿರುವಾಗ ಒಂದು ಬೇಸಿಗೆಯಲ್ಲಿ ನನ್ನ ದಿಬ್ಬದ ಓಣಿಯವರು ಆಫೀಸಿಗೆ ಬಂದರು. ಮುಂದೆ ಶಾಂತವ್ವ. ನಾನು ಅಲ್ಲೇ ಬಾಗಿಲಲ್ಲಿ ನಿಂತಿದ್ದೆ, ನನ್ನನ್ನು ದಾಟಿಕೊಂಡೇ ಒಳಗೆ ಹೋದರು.

"ನಮಗ ಮಾಬುಸಾಬರನ್ನ ಕೊಡ್ರಿ ಸಾಹೇಬ್ರ" ಎಂದಳು ಶಾಂತವ್ವ. "ಈರಪ್ಪನ ಮ್ಯಾಲೆ ನಮಗೇನೂ ದ್ವೇಷ ಇಲ್ಲ. ಆದರ ಅಂವ ಬಂದು ಹೋಗಿದ್ದ ಗೊತ್ತಾಗಂಗಿಲ್ಲ. ನಳದಾಗ ಸರ್ ಅಂತೈತಿ, ಕೊಡಾ ಇಡೋದ್ರಾಗ ಬಂದ್."

ಸಾಹೇಬರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ಏನ್ರೀ ಈರಪ್ಪ, ಟೈಮಿಗೆ ಸರಿಯಾಗಿ ಬಿಡ್ತೀರಲ್ವಾ?"

"ಒಂದು ಮಿನಿಟ್ ಕಮ್ಮಿ ಬಿಟ್ಟಿದ್ರ ಚಪ್ಪಲ್ಲಿ ತಗೊಂಡು ಹೊಡೀರಿ ಸಾಹೇಬ್ರ" ಎಂದೆ. ಖರೆ ಮಾತು. ಮಾಬುಸಾಬನಿಗೆ ಆ ಓಣಿಯ ಒಂದು ಮನೆಯ ಹೆಸರೂ ಗೊತ್ತಿರಲಿಲ್ಲ. ಗುಂಡಿ ತೋಡಿದವನು ನಾನು, ಬೇಕಾದವನು ಅವನು! ಕಣ್ಣಲ್ಲಿ ನೀರೇ ಬಂತು ನನಗೆ.

ಸಾಹೇಬರು ಸ್ವಲ್ಪ ಯೋಚಿಸಿ, "ಈ ಬೇಸಿಗೆ ಮುಗಿಯೋವರೆಗೆ ಇಬ್ಬರೂ ಲೈನು ಬದಲು ಮಾಡ್ಕೊಳ್ಳಿ. ಯಾರ ಮೇಲೆ ತಕರಾರು ಬರಲ್ಲವೋ ಅವರಿಗೆ ದಿಬ್ಬದ ಲೈನು ಕಾಯಂ" ಎಂದರು. ಸ್ವಂತ ಮನೆಯ ಓಣಿ ಕೊಡಬಾರದೆಂಬ ರೂಢಿ ನೆನಪಿಸಿದೆ. "ನಿಮ್ಮ ಮೇಲೆ ನನಗೆ ನಂಬಿಕೆ ಇದೆ" ಎಂದು ಬಾಯಿ ಮುಚ್ಚಿಸಿದರು. ಬೇಸಿಗೆ ಮುಗಿಯುವುದರೊಳಗೆ ನಾನು ಗೆಲ್ಲಬೇಕು, ಇಲ್ಲವಾದರೆ ದಿಬ್ಬದ ಓಣಿ ಕಾಯಮ್ಮಾಗಿ ಮಾಬುಸಾಬನ ಪಾಲು.

ನಮ್ಮ ಓಣಿಯಲ್ಲಿ ನನ್ನ ಮೊದಲ ಪಾಳಿ. ತೋರಿಸಿಯೇ ಬಿಡುತ್ತೇನೆ ಎಂದು ವಾಲ್ವ್ ಪೂರ್ತಿ ತೆಗೆದೆ, ಹೊತ್ತು ಮುಗಿದೊಡನೆ ಬಂದ್ ಮಾಡಿದೆ. ನಮ್ಮ ಓಣಿಯ ಕಟ್ಟಕಡೆಗೆ ಕಾಶಿಂಬಿಯ ಮನೆ. ಬಳೆ ಮಾರುವ ಹೆಂಗಸು, ಗಂಡನಿಲ್ಲ. ಅವಳ ಕೊಡದ ತಳ ಕೂಡ ತೋಯ್ದಿರಲಿಲ್ಲ. ಅವಳು ಏನೂ ಬೈಯಲಿಲ್ಲ. ಬೀದಿಗೆ ಬಂದು, "ಮಾಬುಭಾಯಿಗೆ ಆರಾಮಿಲ್ಲೇನ್ರಿ?" ಎಂದು ಕೇಳಿದಳು, ಅಷ್ಟೇ.

ಸುದ್ದಿ ಹಬ್ಬಿತು. ಎರಡನೆಯ ಪಾಳಿಗೆ ಮುಂದಿನ ಮನೆಗಳವರು ನಳಕ್ಕೆ ಮೋಟಾರು ಹಚ್ಚಿ ನೀರು ಎಳೆದರು. ಯಾವತ್ತೂ ಮೋಟಾರು ಕಾಣದ ಓಣಿ ಅದು. ಮೂರನೆಯ ಪಾಳಿಗೆ ಎಲ್ಲರ ಮನೆಯಲ್ಲೂ ಮೋಟಾರು, ತುಂಬಿದ ಬ್ಯಾರಲ್ಲಿನ ಮೇಲೆ ಪಾತೇಲಿ, ಪಾತೇಲಿಯ ಪಕ್ಕ ತಂಬಿಗೆ, ಚೊಂಬು, ಹಾಲಿನ ಕ್ಯಾನು. ತುಂಬಿ ಚೆಲ್ಲಿದರೂ ಯಾರೂ ನಳ ನಿಲ್ಲಿಸರು. ಎರಡು ಮನೆಗಳವರು ಸೆರಗು ಸಿಗಿಸಿ ಜಗಳಕ್ಕೆ ನಿಂತರು. ಹಿಂದಿನ ಅರ್ಧ ಓಣಿಗೆ ಹನಿ ನೀರಿಲ್ಲ. ಕೋತಿ ತಾನು ಕೆಡುವುದಲ್ಲದೆ ವನವನ್ನೆಲ್ಲ ಕೆಡಿಸಿತು ಎನ್ನುತ್ತಾರಲ್ಲ, ಹಾಗೆ.

ನನ್ನ ಮನೆ ನಡು ಓಣಿಯಲ್ಲಿ. ಸಂಜೆ ಮನೆಗೆ ಬಂದರೆ ಗಂಗವ್ವ ಅರ್ಧ ಬ್ಯಾರಲ್ಲಿನ ಮುಂದೆ ಕೈಕಟ್ಟಿ ಕೂತಿದ್ದಳು.

"ಅಲ್ರೀ, ಇಡೀ ಊರಾಗ ನಳಾ ಬಿಡಾವರ ಮನ್ಯಾಗ ನೀರಿಲ್ಲ ಅಂದ್ರ ಜನಾ ಏನಂತಾರ?"

"ಟೈಮ್ ಆತು, ಬಂದ್ ಮಾಡಿದೆ. ಕಾಯ್ದೆ ಅಂದ್ರ ಕಾಯ್ದೆ."

"ಹಂಗಾರ ಇವತ್ತ ಆ ಕಾಯ್ದೇನ ಕುದಿಸಿ ಹಾಕ್ತೀನಿ, ಉಣ್ಣಾಕ ಬರ್ರಿ" ಎಂದು ಒಳಗೆ ಹೋದಳು.

ಅತ್ತ ದಿಬ್ಬದ ಓಣಿಯಿಂದ ಒಂದೂ ತಕರಾರು ಬರಲಿಲ್ಲ. ನನಗೆ ನಂಬಿಕೆ ಬರಲಿಲ್ಲ. ಇವನೇನೋ ಕಣ್ಕಟ್ಟು ಮಾಡುತ್ತಿದ್ದಾನೆ, ವಾಲ್ವ್ ಕದ್ದು ಬಿಡುತ್ತಿದ್ದಾನೆ, ಹಿಡಿದು ಸಾಹೇಬರ ಮುಂದೆ ನಿಲ್ಲಿಸಬೇಕು ಎಂದು ಅವನ ಪಾಳಿಯ ದಿನ ದಿಬ್ಬಕ್ಕೆ ಹೋದೆ. ನನ್ನ ಓಣಿಗೆ ನಾನೇ ಕಳ್ಳನ ಹಾಗೆ, ಒಂದು ಟಂಟಂ ಗಾಡಿಯ ಹಿಂದೆ ನಿಂತೆ.

ಮಾಬುಸಾಬ ವಾಲ್ವ್ ಅರ್ಧ ಮಾತ್ರ ತೆಗೆದ. ಸೈಕಲ್ ತಳ್ಳಿಕೊಂಡು, ಪ್ರತಿ ಬಾಗಿಲಲ್ಲಿ ನಿಂತು ನಿಂತು, ದಿಬ್ಬ ಹತ್ತಿ, ಶಾಂತವ್ವನ ಕಟ್ಟೆಯ ಮೇಲೆ ಕಾಲು ಚಾಚಿ ಕೂತ. ಕೂತದ್ದು ಕೂತ. ನೀರು ಕೆಳಗಿನ ಮನೆಗಳಿಗೆ ಬಂತು. ಅವರು ಮೋಟಾರು ಹಚ್ಚಲಿಲ್ಲ. ಬ್ಯಾರಲ್ ತುಂಬಿತು, ನಳ ನಿಲ್ಲಿಸಿದರು. "ನಮ್ಮದು ಆತ್ರೀ!" ಎಂದು ಒಂದು ದನಿ. ಅದರ ಮೇಲಿನ ಮನೆಯಲ್ಲಿ ನೀರು ಜೋರಾಯಿತು. ಅವರೂ ತುಂಬಿಕೊಂಡು ನಿಲ್ಲಿಸಿದರು, "ನಮ್ಮದೂ ಆತ್ರೀ!" ಹಾಗೆ ಮಾತು ದಿಬ್ಬ ಹತ್ತಿತು, ಹಿಂದೆಯೇ ನೀರೂ ಹತ್ತಿತು. ಗಟಾರ ಒಣಗಿ ಬಿದ್ದಿತ್ತು. ಶಾಂತವ್ವನ ನಳದಲ್ಲಿ ನಾನು ಎಂದೂ ಕಾಣದ ಧಾರೆ.

ಅವನು ಕಟ್ಟಕಡೆಯ ಮನೆಯಲ್ಲಿ ಕೂತಿದ್ದಾನೆ, ಅದು ತುಂಬದೆ ಏಳುವುದಿಲ್ಲ ಎಂದು ಎಲ್ಲರಿಗೂ ಗೊತ್ತು. ಗೊತ್ತಿದ್ದಕ್ಕೆ ಯಾರಿಗೂ ಅಂಜಿಕೆ ಇಲ್ಲ, ಅಂಜಿಕೆ ಇಲ್ಲದ್ದಕ್ಕೆ ಯಾರೂ ಹೆಚ್ಚಿಗೆ ಹಿಡಿಯುವುದಿಲ್ಲ. ನಾನು ಗಡಿಯಾರ ತೋರಿಸಿ ಅಂಜಿಸುತ್ತಿದ್ದೆ, ಅವರು ಅಂಜಿ ಚೊಂಬು ತಂಬಿಗೆಗೂ ನೀರು ಹಿಡಿದು ಚೆಲ್ಲುತ್ತಿದ್ದರು. ಟಂಟಂ ಹಿಂದೆ ನಿಂತು ನನಗೆ ಇದೆಲ್ಲ ತಿಳಿಯಿತು. ತಿಳಿದಾಗ ಸಂತೋಷವಾಗಬೇಕಿತ್ತು. ಎದೆ ಸುಟ್ಟುಹೋಯಿತು.

ನೇರ ಹೋಗಿ ಅವನ ಮುಂದೆ ನಿಂತೆ. "ಲೇ ಮಾಬೂ, ಖರೆ ಹೇಳು. ಈ ಯುಕ್ತಿ ಯಾರ ಹೇಳಿಕೊಟ್ರು ನಿನಗ?"

"ಯಾವ ಯುಕ್ತಿನೋ ಈರಣ್ಣಾ?"

"ಕಡೀ ಮನ್ಯಾಗ ಕುಂಡ್ರೋದು."

ಅವನು ಅಡಕೆ ಉಗುಳಿ ನಕ್ಕ. "ಯುಕ್ತಿ ಏನ್ ಬಂತು ತಗಿ! ಮೊಣಕಾಲು ನೋಯ್ತೈತಿ. ಒಂದ್ಸಲ ಇಲ್ಲಿತನ ಏರಿ ಬಂದ್ರ ಜಲ್ದಿ ಇಳಿಯಾಕ ಆಗಂಗಿಲ್ಲ. ಅದಕ್ಕ ಕುಂಡ್ರತೀನಿ. ಅಲ್ಲಿ ಕಾಶಿಂಬಿ ಚಾ ಛಲೋ ಮಾಡ್ತಿದ್ಲು, ಇಲ್ಲಿ ಶಾಂತವ್ವ ರೊಟ್ಟಿ ಬೆಣ್ಣಿ ಕೊಡ್ತಾಳ. ಬಾ, ನೀನೂ ಕುಂಡ್ರ."

ನೋಡಿದಿರಾ? ತಲೆ ಕೆಡಿಸಿಕೊಂಡು ಮಾಡಿದ್ದರೆ ಒಪ್ಪಿಕೊಳ್ಳುತ್ತಿದ್ದೆ. ನಾನು ಬೆವರು ಸುರಿಸಿ ಓಡಿದ್ದೆಲ್ಲ ದಂಡ, ಇವನು ಕಾಲು ನೋವೆಂದು ಕೂತದ್ದು ಪುಣ್ಯ! ಶಾಂತವ್ವ ನನಗೂ ಒಂದು ರೊಟ್ಟಿ ತಂದಳು. ಹಸಿವಿಲ್ಲ ಎಂದೆ. ಹಸಿವು ಇತ್ತು.

ಏನಾದರಾಗಲಿ, ನಾನೂ ಕೂರುತ್ತೇನೆ ಎಂದು ನಿರ್ಧಾರ ಮಾಡಿದೆ. ಮುಂದಿನ ಪಾಳಿಗೆ ವಾಲ್ವ್ ಅರ್ಧ ತೆಗೆದು ಕಾಶಿಂಬಿಯ ಬಾಗಿಲಿಗೆ ಹೋಗಿ ಕೂತೆ. ಕಾಶಿಂಬಿ ನನ್ನನ್ನು ನೋಡಿ ಬಳೆಯ ಬುಟ್ಟಿ ಒಳಗೆ ಎತ್ತಿಟ್ಟಳು. ಚಹಾದ ಮಾತಿಲ್ಲ. ಕಾಶಿಂಬಿಯ ಮನೆ ತುಂಬುವವರೆಗೆ ಬಂದ್ ಮಾಡುವುದಿಲ್ಲ ಎಂದು ಕೂಗಿ ಹೇಳಿದೆ. ಮುಂದಿನ ಮನೆಯವರು, "ಹೌದ್ ಹೌದ್, ಕೇಳೀವಿ" ಎಂದು ಇನ್ನೊಂದು ಮೋಟಾರು ತಂದರು. ಕೂತೇ ಕೂತೆ. ಹೊತ್ತು ಮುಗಿದು ಎಷ್ಟೋ ಆಗಿತ್ತು. ನಾನು ಅಭ್ಯಾಸಬಲದಿಂದ ಒಂದು ಸಲ ವಾಚು ನೋಡಿದೆ ನೋಡಿ, "ಏ, ಈರಪ್ಪ ಗಡಿಯಾರ ನೋಡಿದಾ, ಹಿಡೀರಿ, ಹಿಡೀರಿ!" ಎಂದು ಇಡೀ ಓಣಿ ಎದ್ದಿತು. ಕಾಶಿಂಬಿಗೆ ಅವತ್ತು ಸಿಕ್ಕಿದ್ದು ಎರಡು ಕೊಡ. ಆಫೀಸಿಗೆ ತಡವಾಗಿ ಹೋಗಿದ್ದಕ್ಕೆ ಸಾಹೇಬರಿಂದ ಬೈಗುಳ ಬೇರೆ. "ನಿಮಗೇನಾಯ್ತು ಈರಪ್ಪ, ನೀವೂ ಮಾಬುಸಾಬನ ಹಾಗೆ ಆಗ್ತಿದ್ದೀರಾ? ಇನ್ನೊಂದು ಸಲ ಹೀಗಾದ್ರೆ ಲೈನೇ ಬೇಡ, ಪಂಪ್‌ಹೌಸಿಗೆ ಹಾಕ್ತೀನಿ" ಎಂದರು. ಎಲ್ಲರಿಗಿಂತ ಮುಂಚೆ ಕೀಲಿ ಒಪ್ಪಿಸುತ್ತಿದ್ದವನಿಗೆ ಈ ಮಾತು!

ಇನ್ನೊಂದು ಪಾಳಿಯೂ ಹಾಗೇ ಹೋಯಿತು. ಪಂಪ್‌ಹೌಸಿಗೆ ಹಾಕದಿರಲಿ ಎಂದು ಸಾಹೇಬರ ಕಾಲು ಹಿಡಿಯುವುದೊಂದು ಬಾಕಿ. ಬೇಸಿಗೆ ಮುಗಿಯುತ್ತ ಬಂದಿತ್ತು, ಸಂಜೆ ಮೋಡ ಕಟ್ಟತೊಡಗಿದ್ದವು. ಇದೇ ಕೊನೆಯ ಅವಕಾಶ ಎನ್ನುವ ಪಾಳಿಯ ದಿನ ಕಾಶಿಂಬಿಯ ಬಾಗಿಲಲ್ಲಿ ಕೂತಿದ್ದೆ. ಗಂಗವ್ವ ನಡು ಓಣಿಯಿಂದ ನಡೆದು ಬಂದಳು. ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಎಲ್ಲರಿಗೂ ಕೇಳುವ ಹಾಗೆ, "ಎಡಗೈ ಮುಂದ ಮಾಡ್ರಿ" ಎಂದಳು.

"ಯಾಕ?"

"ಮಾಡ್ರಿ ಅಂದ್ರ ಮಾಡ್ರಿ."

ನಮ್ಮ ಮಾವ ಕೊಟ್ಟ ವಾಚನ್ನು ಅವಳೇ ಬಿಚ್ಚಿಕೊಂಡಳು. "ನಮ್ಮಪ್ಪ ಕೊಟ್ಟಿದ್ದು, ನಾ ಇಟ್ಕೋತೀನಿ" ಎಂದು ಹೇಳಿ, ಕೈ ಎತ್ತಿ ಓಣಿಗೆಲ್ಲ ತೋರಿಸಿ, ಮನೆಗೆ ಹೋಗಿ ದೇವರ ಜಗಲಿಯ ಮೇಲೆ ಇಟ್ಟು ಬಂದಳು. ಆಮೇಲೆ ನಮ್ಮ ನಳ ನಿಲ್ಲಿಸಿದಳು. ಬ್ಯಾರಲ್ ಇನ್ನೂ ಪೂರ್ತಿ ತುಂಬಿರಲಿಲ್ಲ, ನನಗೆ ಗೊತ್ತು. "ನಮ್ಮದು ಆತ್ರೀ!" ಎಂದು ಕೂಗಿದಳು.

ಓಣಿಯವರು ನನ್ನ ಬರಿಗೈ ನೋಡಿದರು, ಅವಳನ್ನು ನೋಡಿದರು. ಎದುರು ಮನೆಯವರು ಮೋಟಾರು ಬಂದ್ ಮಾಡಿದರು. ಇನ್ನೊಬ್ಬರು ನಳ ನಿಲ್ಲಿಸಿದರು. ಎಲ್ಲರೂ ಅಲ್ಲ, ಮುಂದಿನ ಮನೆಯವರು ಅವತ್ತೂ ಚೆಲ್ಲಿದರು. ಆದರೂ ಕಾಶಿಂಬಿಯ ನಳ ಕೆಮ್ಮಿತು, ಗುಟುಕು ಗುಟುಕಾಗಿ ಬಂತು, ಆಮೇಲೆ ನಿಲ್ಲಲೇ ಇಲ್ಲ. ಅವಳ ಬ್ಯಾರಲ್ ತುಂಬಿದ ಮೇಲೆ ವಾಲ್ವ್ ಬಂದ್ ಮಾಡಿ ಆಫೀಸಿಗೆ ಹೋದೆ. ಗೋಡೆಯ ಗಡಿಯಾರ ನೋಡಿ ನನಗೇ ಬೆರಗು. ಗೊತ್ತುಮಾಡಿದ ಹೊತ್ತಿಗಿಂತ ಮುಂಚೆಯೇ ಮುಗಿದಿತ್ತು. ಓಡಿದಾಗ ಮುಗಿಯದ ಕೆಲಸ ಕೂತಾಗ ಮುಗಿದಿತ್ತು. ಹುಡುಗರಿಗೆ ನಾನು ಹೇಳಿಕೊಡುವುದು ಇದೊಂದನ್ನೇ. ಬೇಕಾದರೆ ತಗೊಳ್ಳಿ, ಬೇಡವಾದರೆ ಬಿಡಿ.

ಅವತ್ತು ಗಂಗವ್ವ ಗಿರಮಿಟ್ಟು ಮಾಡಿದ್ದಳು. ತಟ್ಟೆ ಇಟ್ಟು, "ನಿಮ್ಮ ಕೆಲಸ ಮಾಬಣ್ಣನಷ್ಟ ಅಲ್ಲ, ಆದರ ನಡೀತೈತಿ" ಎಂದಳು. ಆ ಮೊದಲ ಅರ್ಧ ಮಾತು ಆಕೆ ನುಂಗಿಕೊಂಡಿದ್ದರೆ ಏನು ಗಂಟು ಹೋಗುತ್ತಿತ್ತು?

ಮಳೆಗಾಲ ಹಿಡಿದ ಮೇಲೆ ಸಾಹೇಬರು ಇಬ್ಬರನ್ನೂ ಕರೆದರು. ಇಬ್ಬರ ಮೇಲೂ ಈಗ ತಕರಾರು ಇಲ್ಲ. ದಿಬ್ಬದ ಓಣಿಯವರು ಮಾತ್ರ ಮಾಬುಸಾಬರೇ ಇರಲಿ ಎಂದು ಹೇಳಿ ಕಳಿಸಿದ್ದರು. ಆಗ ಮಾಬುಸಾಬ, "ಸಾಹೇಬ್ರ, ನನಗ ಆ ದಿಬ್ಬಾ ಏರಾಕ ಆಗಂಗಿಲ್ರಿ. ನನಗ ಕಾಶಿಂಬಿ ಚಾನ ಬೇಕ್ರಿ. ಈರಣ್ಣನ ಓಣಿ ಈರಣ್ಣಗ ಕೊಟ್ಟಬಿಡ್ರಿ" ಎಂದ. ಗೆದ್ದು ತರಬೇಕೆಂದಿದ್ದ ನನ್ನ ಓಣಿಯನ್ನು ಅವನಿಂದ ದಾನ ತಗೊಂಡು ಬಂದೆ. ಮೊದಲ ಪಾಳಿಗೆ ದಿಬ್ಬ ಹತ್ತಿ ಶಾಂತವ್ವನ ಕಟ್ಟೆಯ ಮೇಲೆ ಕೂತರೆ, ಕೆಳಗಿನಿಂದ "ನಮ್ಮದು ಆತ್ರೀ, ನಮ್ಮದೂ ಆತ್ರೀ" ಎಂದು ದನಿ ಏರಿ ಬಂದವು. ಎಷ್ಟು ಚೆಂದ ಕೇಳಿಸಿತು! ಆದರೆ ಹೇಳಿಕೊಟ್ಟವನು ನಾನಲ್ಲ. ನಾನು ವರ್ಷಾನುಗಟ್ಟಲೆ ಓಡಾಡಿದ ಓಣಿಗೆ ಅವನು ಒಂದು ಬೇಸಿಗೆಯಲ್ಲಿ ಕಲಿಸಿ ಹೋಗಿದ್ದ.

ಆಮೇಲೆ ಬಹಳ ವರ್ಷ ಅಲ್ಲೇ ಕೂತೆ. ಕೆಲಸದ ರೀತಿ ಬದಲಾಯಿತು. ಈಗ ಕೆಲವು ಕಡೆ ಕೀಲಿಯೇ ಇಲ್ಲ, ಆಫೀಸಿನಲ್ಲಿ ಕೂತು ಮೊಬೈಲಿನಲ್ಲಿ ಒತ್ತಿದರೆ ವಾಲ್ವ್ ತೆರೆಯುತ್ತದೆ, ಒತ್ತಿದರೆ ಮುಚ್ಚುತ್ತದೆ. ಪಾಳಿಯ ಸುದ್ದಿ ವಾಟ್ಸಾಪಿನಲ್ಲಿ ಬರುತ್ತದೆ. ಒಳ್ಳೆಯದೇ, ನಾನು ಬೇಡ ಎನ್ನುವುದಿಲ್ಲ. ಆದರೆ ಹೊಸ ಹುಡುಗರು, "ಎಲ್ಲಾ ಟೈಮಿಗೆ ಕರೆಕ್ಟ್ ಐತ್ರಿ ಕಾಕಾ, ಆದ್ರೂ ಕಡೀ ಮನಿಯವ್ರು ಫೋನ್ ಮಾಡಿ ಬೈತಾರ" ಎಂದಾಗ ನನಗೆ ಒಳಗೊಳಗೇ ನಗು ಬರುತ್ತದೆ. ಹೋಗಿ ಕೂತು ಬನ್ನಿರೋ ಎನ್ನುತ್ತೇನೆ. ಎಲ್ಲಿ ಕೂರುವುದು ಎಂದು ಕೇಳುತ್ತಾರೆ.

ನಾನು ನಿವೃತ್ತನಾದ ವಾರ ದಿಬ್ಬದ ಓಣಿಯವರು ಶಾಂತವ್ವನ ಮನೆಯ ಮುಂದೆ ಜಮಖಾನೆ ಹಾಸಿ ನನ್ನನ್ನು ಕರೆದರು. ಮಿರ್ಚಿ, ಮಂಡಕ್ಕಿ, ಪೇಡೆ. ನನಗಿಂತ ಮೊದಲೇ ನಿವೃತ್ತನಾಗಿದ್ದ ಮಾಬುಸಾಬನನ್ನೂ ಕರೆದಿದ್ದರು. ಯಾರು ಕರೆಯಲು ಹೇಳಿದರೋ! ಕೋಲೂರಿಕೊಂಡು ಬಂದು ನನ್ನ ಪಕ್ಕದಲ್ಲೇ ಕೂತ. ಶಾಂತವ್ವನಿಗೆ ವಯಸ್ಸಾಗಿತ್ತು, ಬಾಗಿಲಿಗೆ ಒರಗಿ ಕೂತಿದ್ದಳು. ಅವಳ ಸೊಸೆ ನನ್ನ ತಲೆಗೆ ಪಟಗಾ ಸುತ್ತಿಸಿ, ಶಾಲು ಹೊದಿಸಿ, ನಾಲ್ಕು ಮಾತು ಆಡಲು ನಿಂತಳು. ನನ್ನ ಎದೆ ಉಬ್ಬಿತ್ತು. ಮಾಬುಸಾಬನ ಎದುರೇ ಆಗಲಿ, ಅವನೂ ಕೇಳಲಿ ಎಂದುಕೊಂಡೆ.

"ನಾ ಈ ಓಣಿಗೆ ಲಗ್ನಾಗಿ ಬಂದಾಗಿಂದ ಈರಪ್ಪಕಾಕಾರನ್ನ ನೋಡೇನಿ" ಎಂದಳು ಆ ಹೆಣ್ಣುಮಗಳು. "ನಮ್ಮ ಮನಿ ತುಂಬದ ಅವರು ಎದ್ದಿದ್ದ ಇಲ್ಲ. ಥೇಟ್ ಮಾಬುಸಾಬಕಾಕಾರ ಗತೆ. ಅದಕ್ಕೂ ಹಿಂದ ಇಲ್ಲಿ ಬ್ಯಾರೆ ಒಬ್ಬ ನಳಾ ಬಿಡಾಂವ ಇದ್ನಂತ. ಬರ್ತಿದ್ನಂತ, ಗಡಿಯಾರ ನೋಡತಿದ್ನಂತ, ಬಂದ್ ಮಾಡಿ ಓಡಿ ಹೋಗತಿದ್ನಂತ. ಅಂಥಾಂವನ ಕೈಯಾಗ ಸಿಕ್ಕಿದ್ರ ನಮ್ಮ ಗತಿ ಏನಿತ್ತು? ಮಾಬುಸಾಬಕಾಕಾ, ಯಾರ್ರಿ ಅಂವ? ನೀವು ನೋಡಿರೇನು?"

ಬಾಯಲ್ಲಿದ್ದ ಪೇಡೆ ಒಳಗೂ ಹೋಗಲಿಲ್ಲ, ಹೊರಗೂ ಬರಲಿಲ್ಲ. ಶಾಂತವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಾನು ಜಮಖಾನೆಯ ಪಟ್ಟಿ ನೋಡುತ್ತ ಕೂತೆ. ಇದಕ್ಕಾಗಿಯೇ ಕಾಯ್ದು ಕೂತಿದ್ದಾನೆ, ಈಗ ಬಾಯಿ ಬಿಟ್ಟು ನಗುತ್ತಾನೆ, ನನ್ನ ಕಡೆ ಬೆರಳು ತೋರಿಸುತ್ತಾನೆ, ತೋರಿಸಲಿ, ಆಗ ಇವನನ್ನು ಸರಿಯಾಗಿ ದ್ವೇಷ ಮಾಡಬಹುದು ಎಂದುಕೊಂಡೆ.

ಮಾಬುಸಾಬ ಸಾವಕಾಶ ಅಡಕೆ ಅಗಿದ. ನನ್ನ ಕಡೆ ನೋಡಲೇ ಇಲ್ಲ.

"ಯಾವನೋ ಇದ್ದ ಬಿಡವಾ" ಎಂದ. "ಹೆಸರ ನೆನಪಿಲ್ಲ. ಬಡವ, ಊರ ಬಿಟ್ಟು ಹೋದ ಕಾಣತೈತಿ."

ಅವತ್ತು ನನಗಾದಷ್ಟು ಹೊಟ್ಟೆಕಿಚ್ಚು ಜೀವಮಾನದಲ್ಲೇ ಆಗಿರಲಿಲ್ಲ.